ಮುದಕವ್ವನಿಗೆ ಬೈದ ದಿನ

ಕೊಲ್ಹಾಪುರ ಕಡೆಯ ಕಬನೂರಿನ ನಮ್ಮ ಓಣಿಯಲ್ಲಿ ಮಗ್ಗ ನಡೆಯುತ್ತಿದ್ದರೆ ಯಾರಿಗೂ ಎಚ್ಚರವಾಗುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತಿತೆನ್ನಿ, ತೊಟ್ಟಿಲ ಕೂಸು ಬೆಚ್ಚಿಬಿದ್ದು ಅಳುತ್ತದೆ, ರಾತ್ರಿ ಪಾಳಿ ಮುಗಿಸಿ ಮಲಗಿದ ಗಂಡಸರು ಎದ್ದು ಕೂತು ಏನಾಯಿತೆಂದು ಕೇಳುತ್ತಾರೆ. ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಈ ಖಟಖಟಕ್ಕೆ ತಲೆ ಚಿಟ್ಟು ಹಿಡಿದು ತವರಿಗೆ ಓಡಿಹೋಗುವ ವಿಚಾರ ಮಾಡಿದ್ದೆ. ಈಗ ತವರಿಗೆ ಹೋದರೆ ಅಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ.

ಮಗ್ಗಗಳ ನಡುವೆ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮವರು ದನಿ ಖರ್ಚು ಮಾಡುವ ಗೋಜಿಗೇ ಹೋಗುವುದಿಲ್ಲ. ತುಟಿ ಆಡಿಸುತ್ತಾರೆ, ಹುಬ್ಬು ಹಾರಿಸುತ್ತಾರೆ, ಬೆರಳಲ್ಲಿ ಒಂದೆರಡು ಗುರುತು ಮಾಡುತ್ತಾರೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಜಗಳವಾಗುತ್ತದೆ, ರಾಜಿಯಾಗುತ್ತದೆ, ಒಂದು ಮದುವೆ ಕೂಡ ನಿಶ್ಚಯವಾದದ್ದುಂಟು. ಶಬ್ದ ಮಾತ್ರ ಹೊರಗೆ ಬಂದಿರುವುದಿಲ್ಲ. ನಾನು ಇದರಲ್ಲಿ ಭಾರಿ ಪಳಗಿದವಳು. ಓಣಿಯ ಆಚೆ ಬದಿಯಲ್ಲಿ ನನ್ನ ಬಗ್ಗೆ ಯಾರು ಏನು ಆಡಿಕೊಂಡರೂ ಇಲ್ಲೇ ಕೂತು ತಿಳಿದುಕೊಳ್ಳುತ್ತೇನೆ. ಅದಕ್ಕೇ ನನ್ನನ್ನು ಕಂಡರೆ ಕೆಲವರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ.

ನನ್ನ ಹೆಸರು ರಾಜಮತಿ. ನಮ್ಮ ಯಜಮಾನರು ಶ್ರೀಪಾಲ ಅವರದು ಒಂದು ಸಣ್ಣ ಮಗ್ಗದ ಶೆಡ್ಡು. ಅದರ ಗೋಡೆಗೆ ಅಂಟಿಕೊಂಡ ಎರಡು ಖೋಲಿಗಳಲ್ಲಿ ರಾಮಲಿಂಗ ಮತ್ತು ಅವನ ಹೆಂಡತಿ ಸಾವಕ್ಕ ಬಾಡಿಗೆಗಿದ್ದರು. ರಾಮಲಿಂಗ ನಮ್ಮಲ್ಲೇ ಮಗ್ಗ ನಡೆಸುತ್ತಿದ್ದ. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಸಾವಕ್ಕ ಬಾಗಿಲಲ್ಲಿ ರಾಟೆ ಇಟ್ಟುಕೊಂಡು ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ಇಬ್ಬರಿಗೂ ಇನ್ನೂ ಮಕ್ಕಳಾಗಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ರಾಮಲಿಂಗ ತನ್ನ ತಾಯಿ ಮುದಕವ್ವನನ್ನು ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ಕರೆತಂದ. ಕುರಿ ಕಾಯುವ ಮನೆತನ. ಮುದಕವ್ವ ಗಂಡ ಹಾಲಸಿದ್ದನ ಹಿಂದೆ ಬೇಸಿಗೆಯಲ್ಲಿ ಆಜರಾದ ಘಟ್ಟದ ಕಡೆ, ಮಳೆ ಬಿದ್ದರೆ ಬಯಲುಸೀಮೆಯ ಕಡೆ ಎಂದು ಜೀವಮಾನವೆಲ್ಲ ನಡೆದವಳು. ಯಾರದೋ ಹೊಲದಲ್ಲಿ ಕುರಿ ತರುಬಿ, ಅಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಸುಟ್ಟು, ಬಯಲಲ್ಲೇ ಕಂಬಳಿ ಹೊದ್ದು ಮಲಗಿದವಳು. ಹಾಲಸಿದ್ದ ತೀರಿಕೊಂಡ ಮೇಲೆ ಕುರಿ ಹಿರಿಯ ಮಗ ಧೋಂಡಿಬಾನ ಪಾಲಿಗೆ ಹೋದವು. ಕುರಿಯ ಹಿಂದೆ ನಡೆಯಲು ಮುದುಕಿಯ ಮೊಣಕಾಲು ಒಪ್ಪಲಿಲ್ಲ. ಹೀಗೆ ಅವಳು ನಮ್ಮ ಓಣಿಗೆ ಬಂದಳು.

ಬಂದಾಗ ನೋಡಬೇಕಿತ್ತು ಅವಳನ್ನು. ಎಸ್.ಟಿ. ಬಸ್ಸು ಇಳಿದು ಬಂದವಳೇ ನಮ್ಮ ಅಂಗಳದಲ್ಲಿ ನಿಂತು, “ಇದೇನವ್ವಾ ಇಷ್ಟು ಗದ್ದಲಾ! ಊರಾಗ ಯಾರರ ಸತ್ತಾರೇನು?” ಎಂದು ಮಗ್ಗದ ಸದ್ದನ್ನೂ ಮೀರಿಸಿ ಕೇಳಿದಳು. ಅಂಥ ಗಂಟಲು. ಗುಡ್ಡದ ಆಚೆಯ ಕುರಿಯನ್ನು ಕೂಗಿ ಕರೆದ ಗಂಟಲು ಅದು. ಎರಡೇ ದಿನದಲ್ಲಿ ಓಣಿಯ ಎಲ್ಲರ ಮನೆಯ ಅಡಿಗೆ, ಎಲ್ಲರ ಗಂಡಂದಿರ ಗುಣ ತಿಳಿದುಕೊಂಡು ಬಂದು ನನಗೇ ವರದಿ ಒಪ್ಪಿಸಿದಳು. ನನ್ನ ಹುದ್ದೆಗೆ ಕುತ್ತು ಬಂತೆಂದು ನಾನು ನಕ್ಕೆ.

ಆದರೆ ರಾಮಲಿಂಗನಿಗೆ ತಾಯಿಯೆಂದರೆ ಪ್ರಾಣ. ಆ ಪ್ರಾಣವೇ ಅವಳ ಪ್ರಾಣಕ್ಕೆ ಬಂತು ಅನ್ನಬೇಕು. ಅವ್ವ ಜೀವ ತೇದಿದ್ದಾಳೆ, ಇನ್ನು ಸುಖವಾಗಿ ಕೂರಬೇಕು ಎಂದು ಹಟ ತೊಟ್ಟ. ಮಗ್ಗದ ಸದ್ದು ಕಡಿಮೆ ಕೇಳುವ ಒಳಖೋಲಿಯಲ್ಲಿ ಹೊಸ ಹೊರಸು ಹಾಕಿಸಿದ. ಹತ್ತಿಯ ಧೂಳು ಬರುತ್ತದೆಂದು ಕಿಟಕಿ ಮುಚ್ಚಿಸಿದ. ಓಣಿಯಲ್ಲಿ ಲಾರಿ ಓಡಾಡುತ್ತವೆ, ಹೊರಗೆ ಹೋಗಬೇಡ ಎಂದ. ಶೆಡ್ಡಿನೊಳಗಂತೂ ಮಗ್ಗ ತಿರುಗಿಸುವ ಪಟ್ಟಾಕ್ಕೆ ಸೀರೆ ಸಿಕ್ಕೀತೆಂದು ಹೊಸ್ತಿಲು ದಾಟಗೊಡಲಿಲ್ಲ. ಸಾವಕ್ಕನಿಗೆ ನನ್ನೆದುರೇ ತಾಕೀತು ಮಾಡಿದ: “ಅವ್ವ ಒಂದ ಕಡ್ಡಿ ಎತ್ತಬಾರದು. ಎದುರ ಮಾತಾಡಿದೆಂದ್ರ ನೋಡ ಮತ್ತ.” ಸಾವಕ್ಕ ಮುರಗೂಡ ಕಡೆಯ ಹುಡುಗಿ, ಮೊದಲೇ ಅಂಜುಬುರುಕಿ. ಗಂಡ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಪಾಲಿಸಿದಳು.

ಮುದಕವ್ವ ಪಾತ್ರೆ ತೊಳೆಯಲು ಕೂತರೆ ಸಾವಕ್ಕ ಬಂದು ಮೆಲ್ಲಗೆ ಕಸಿದುಕೊಳ್ಳುತ್ತಿದ್ದಳು. ರೊಟ್ಟಿ ಬಡಿಯಲು ಹೋದರೆ ಹಿಟ್ಟಿನ ಪರಾತವನ್ನೇ ಎತ್ತಿ ಆಚೆ ಇಡುತ್ತಿದ್ದಳು. ಮುದುಕಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಕೆಣಕಿದರೂ “ಹೌದ್ರಿ ಅತ್ತಿ”, ಕಡಿಮೆಯಾಗಿದೆ ಎಂದರೂ “ಹೌದ್ರಿ ಅತ್ತಿ”. ಜಗಳಕ್ಕೆ ಕರೆದವರಿಗೆ ಹೌದ್ರಿ ಎಂದು ಕೈಮುಗಿದರೆ ಅವರು ಏನು ಮಾಡಬೇಕು ಹೇಳಿ. ಮಳೆಗಾಲ ಕಳೆಯುವಷ್ಟರಲ್ಲಿ ಮುದಕವ್ವನ ಗಂಟಲು ತಗ್ಗಿತು. ದೀಪಾವಳಿಯ ಹೊತ್ತಿಗೆ ಅವಳು ಮಾತಾಡುವುದನ್ನೇ ಬಿಟ್ಟಳು.

ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದು, ಕರೆದರೆ ಓಗೊಡದಿರುವುದು, ಇಟ್ಟ ರೊಟ್ಟಿಯಲ್ಲಿ ಒಂದು ಚೂರು ಮುರಿದು ಉಳಿದದ್ದನ್ನು ತಟ್ಟೆಯಲ್ಲೇ ಬಿಡುವುದು. ಮಗ ಸೊಸೆ ಒಟ್ಟಿಗೆ ಒಳಗೆ ಬಂದರೆ ಮಾತ್ರ ಥಟ್ಟನೆ ಎದ್ದು ಕೂತು ಇಬ್ಬರ ಬಾಯಿಯನ್ನೇ ಪಿಳಿಪಿಳಿ ನೋಡುತ್ತಿದ್ದಳು. ಅವರಿಗೆ ಅದನ್ನು ಕಂಡು ಇನ್ನಷ್ಟು ಹೆದರಿಕೆ. ಪಕ್ಕದ ಮನೆಯ ಜನಾಬಾಯಿ ಬಂದು ಇದು ಹೊರಗಿನದ್ದು, ನಿಂಬೆಹಣ್ಣು ಇಳಿಸಬೇಕು ಎಂದಳು. ನಿನ್ನ ನಿಂಬೆಹಣ್ಣು ಉಪ್ಪಿನಕಾಯಿಗೆ ಇಟ್ಟುಕೋ ಎಂದು ನಾನು ಅವಳನ್ನು ಕಳಿಸಿದೆ.

ಒಂದು ಮಧ್ಯಾಹ್ನ ನಾನೇ ಹೋಗಿ ಹೊರಸಿನ ಪಕ್ಕ ಕೂತೆ. ಖೋಲಿಯಲ್ಲಿ ಹಗಲಲ್ಲೂ ಮಬ್ಬು. ಮುದಕವ್ವ ಎದ್ದು ಕೂತು ನನ್ನ ಮಣಿಕಟ್ಟು ಹಿಡಿದಳು.

“ಮಗಳ, ಒಂದ ಖರೇ ಹೇಳ್ತೀ?”

“ಕೇಳ್ರಿ ಆಯಿ.”

“ನಾ ಸತ್ತೇನೇನ?”

“ಕುಂತೀರಿ, ನನ್ನ ಕೈ ಹಿಡದೀರಿ, ಸತ್ತವರು ಹಿಂಗ ಇರ್ತಾರೇನ್ರಿ?” ಎಂದೆ. ಅವಳು ಕೈ ಬಿಟ್ಟು ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಅಂದು ಸಂಜೆ ರಾಮಲಿಂಗ ನಮ್ಮ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತ. “ವೈನಿ, ಹಿಂಗ ಆದ್ರ ಅಣ್ಣನ ಕಡೆ ಬಿಟ್ಟು ಬರಬೇಕಾಗ್ತೈತ್ರಿ. ಇಲ್ಲಿ ಹಂತಾದ್ದು ಏನ ಕಡಿಮಿ ಮಾಡೇವ್ರಿ ನಾವು? ಆದ್ರ ಅಂವ ಕುರಿ ಹಿಂದ ತಿರಗಾಂವ. ಅಲ್ಲಿ ಬಿಟ್ರ ಅವ್ವ ಒಂದ ಮಳಿಗಾಲ ತಡಿಯೂದಿಲ್ಲ.” ಗಂಡಸು, ಕಣ್ಣಲ್ಲಿ ನೀರು. ಬಿಡುವುದಿದ್ದರೆ ಆಮೇಲೆ ಬಿಡು, ಮೊದಲು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ ಒಬ್ಬ ಒಳ್ಳೆಯ ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ ಎಂದೆ.

ವಾರದ ರಜೆಯ ದಿನ ನಾಲ್ವರೂ ಎಸ್.ಟಿ. ಹತ್ತಿದೆವು. ದಾರಿಯಲ್ಲಿ ಕಬ್ಬಿನ ಗದ್ದೆಗಳ ಅಂಚಿನಲ್ಲಿ ಒಂದು ಕುರಿಹಿಂಡು ಹೋಗುತ್ತಿತ್ತು. ಮುದಕವ್ವ ಕತ್ತು ಹೊರಳಿಸಿ ಅದು ಮರೆಯಾಗುವವರೆಗೆ ನೋಡಿದಳು. ಸಾವಕ್ಕ ಅವಳ ಸೆರಗು ಸರಿಮಾಡಿದರೆ ಮುದುಕಿ ಮೈ ಮುದುಡಿಕೊಂಡು ನನ್ನ ಕಡೆ ಸರಿದು ಕೂತಳು.

ಡಾಕ್ಟರ ಖೋಲಿ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ಡಾಕ್ಟರು ನಡುವಯಸ್ಸಿನ ಮರಾಠಿ ಮನುಷ್ಯ, ಅವಸರವಿಲ್ಲದವರು. ಮಗ ಸೊಸೆಯನ್ನು ಹೊರಗೆ ಪಡಸಾಲೆಯಲ್ಲಿ ನಿಲ್ಲಿಸಿ, ಕನ್ನಡ ಮರಾಠಿ ಎರಡೂ ಆಡುವ ನನ್ನನ್ನು ಒಳಗೆ ಉಳಿಸಿಕೊಂಡರು. ಕಣ್ಣು, ನಾಲಿಗೆ, ನಾಡಿ ಎಲ್ಲ ನೋಡಿ, ಮಾತಾಡುತ್ತಾ ಮಾತಾಡುತ್ತಾ ಅವಳ ಬೆನ್ನ ಹಿಂದೆ ಹೋಗಿ ಮೆಲುದನಿಯಲ್ಲಿ, “ಆಜೀ, ಚಹಾ ಘೇಣಾರ ಕಾ?” ಎಂದು ಚಹಾ ಬೇಕೇನೆಂದು ಕೇಳಿದರು.

“ನಕೋ,” ಬೇಡ ಎಂದಳು ಮುದಕವ್ವ, ತಿರುಗಿಯೂ ನೋಡದೆ.

ಆಜಿಯ ಕಿವಿ ತಮ್ಮ ಕಿವಿಗಿಂತ ಚುರುಕಾಗಿದೆ ಎಂದರು ಡಾಕ್ಟರು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಮುದಕವ್ವನ ಮುಖ ಬಿಳಿಚಿಕೊಂಡಿತು. “ಕಿವಿ ಹೋಗ್ಯಾವಂತ ಮಾಡಿದ್ನೆ. ಹೋಗಿದ್ರ ಚಲೋ ಆಗ್ತಿತ್ತ ಮಗಳ,” ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ನನ್ನ ಸೆರಗು ಜಗ್ಗಿ ತೆರೆದ ಬಾಗಿಲ ಕಡೆ ಗದ್ದ ತೋರಿಸಿದಳು. “ನೋಡು, ಇಲ್ಲಿಗೆ ಬಂದೂ ಅದನ್ನ ಮಾಡಾಕತ್ತಾರ.”

ಪಡಸಾಲೆಯ ಆ ತುದಿಯಲ್ಲಿ ರಾಮಲಿಂಗ ನಿಂತಿದ್ದ, ಈ ತುದಿಯ ಬೆಂಚಿನ ಮೇಲೆ ಸಾವಕ್ಕ ಕೂತಿದ್ದಳು. ನಡುವೆ ಹತ್ತಾರು ಮಂದಿ ಪೇಶಂಟುಗಳು. ಗಂಡ ಹೆಂಡತಿ ದನಿಯೇ ಇಲ್ಲದೆ ಮಾತಾಡುತ್ತಿದ್ದರು. ಬರೀ ತುಟಿ ಆಡುತ್ತಿತ್ತು.

“ಮನ್ಯಾಗ ದಿನಾ ಹಿಂಗಽ,” ಎಂದಳು ಮುದಕವ್ವ. ತಿಂಗಳುಗಟ್ಟಲೆ ಕಟ್ಟಿಟ್ಟದ್ದು ಒಮ್ಮೆಗೇ ಹೊರಬಿತ್ತು. “ನನ್ನ ಎದುರಿಗೆ ನಿಂತು ಬಾಯಿ ಆಡಸ್ತಾರ, ಧ್ವನಿ ಬರೂದಿಲ್ಲ. ನನ್ನ ಬಗ್ಗೇನಽ ಇರಬೇಕಲ್ಲ? ಈ ಮುದಕಿನ್ನ ಎಲ್ಲಿ ಒಗಿಯೂನು, ಯಾವಾಗ ಒಗಿಯೂನು ಅಂತ. ಒಮ್ಮೊಮ್ಮಿ ನನಗಽ ಕಿವುಡು ಅನಸ್ತಿತ್ತು. ಒಮ್ಮೊಮ್ಮಿ ಸತ್ತ ಮ್ಯಾಲ ಹಿಂಗಽ ಇರ್ತೈತೇನೋ ಅನಸ್ತಿತ್ತು. ಎಲ್ಲಾರೂ ಕಾಣಸ್ತಾರ, ಮಾತ ಕೇಳಸೂದಿಲ್ಲ.”

ಆಗ ನನಗೆ ಹೊಳೆಯಿತು. ರಾತ್ರಿ ಪಾಳಿಯ ವಾರ ರಾಮಲಿಂಗ ಹಗಲು ಮಲಗಿದರೆ ಸಾವಕ್ಕ ಬಂದವರ ಜೊತೆ ತುಟಿಯಲ್ಲೇ ಮಾತಾಡುತ್ತಾಳೆ. ಹಗಲು ಪಾಳಿಯ ವಾರ ಗೋಡೆಯಾಚೆಯ ಸದ್ದಿಗೆ ಇಬ್ಬರೂ ತುಟಿಯಲ್ಲೇ ಮಾತಾಡುತ್ತಾರೆ. ಇದು ನಮ್ಮ ಓಣಿಯ ಗಾಳಿಯಲ್ಲೇ ಇರುವ ಚಾಳಿ, ಯಾರಿಗೆ ಕಾಣಿಸಬೇಕು? ಕುರಿಯ ಹಿಂದೆ ಬಯಲಲ್ಲಿ ಬೆಳೆದ ಈ ಹೆಂಗಸಿಗೆ ಶೆಡ್ಡಿನ ಹೊಸ್ತಿಲು ಕೂಡ ದಾಟಗೊಡದೆ ಇಟ್ಟ ಮೇಲೆ ಇವಳಿಗೆ ಹೇಗೆ ತಿಳಿಯಬೇಕು?

ನಾನು ವಿವರಿಸಿ ಹೇಳಿದೆ. ಮುದಕವ್ವ ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತೀ ಎಂದಳು. ನನಗೂ ಸಿಟ್ಟು ಬಂತು. “ತಡೀರಿ, ಈಗ ಏನ ಮಾತಾಡಾಕತ್ತಾರಂತ ನಾ ಓದಿ ಹೇಳ್ತೇನಿ,” ಎಂದು ಬಾಗಿಲ ಕಡೆ ನೋಡುತ್ತಾ ಒಂದೊಂದೇ ಮಾತು ಹೇಳತೊಡಗಿದೆ. “ರಾಮಲಿಂಗ ಅನ್ನಾಕತ್ತಾನ: ಅವ್ವ ಮುಂಜಾನಿಂದ ಏನೂ ತಿಂದಿಲ್ಲ. ಸಾವಕ್ಕ ಅಂದ್ಲು: ನಾ ಕೊಟ್ರ ತಗೋಳೂದಿಲ್ಲ, ನೀವ ಕೊಡ್ರಿ. ಅಂವ ಅಂದ: ಕೆಳಗ ಗಾಡಿ ಮ್ಯಾಲ ಬಾಳಿಹಣ್ಣು ಅದಾವು, ಮೆತ್ತಂದು ನೋಡಿ ತಗೊಂಡ ಬಾ, ಅವ್ವಗ ಹಲ್ಲಿಲ್ಲ.”

ಸಾವಕ್ಕ ಎದ್ದು ಮೆಟ್ಟಿಲಿಳಿದು ಹೋದಳು. ಮುದಕವ್ವ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿಗೆ ಸಾವಕ್ಕ ಮೇಲೆ ಬಂದಳು, ಕೈಯಲ್ಲಿ ಬಾಳೆಹಣ್ಣು.

ಮುದಕವ್ವ ಆ ಹಣ್ಣುಗಳನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. “ಇಷ್ಟು ದಿನಾ ಇದನ್ನಽ ಮಾತಾಡಿದ್ರು?” ಎಂದು ಅಷ್ಟೇ ಕೇಳಿದಳು. ನಾನು ರಾಮಲಿಂಗನನ್ನು ಒಳಗೆ ಕರೆದು ವಿಷಯ ಹೇಳಿದೆ. ಅವನು ಅಲ್ಲೇ ತಾಯಿಯ ಕಾಲ ಬಳಿ ಕುಸಿದು ಕೂತು ಹುಡುಗನ ಹಾಗೆ ಅತ್ತ. ಡಾಕ್ಟರು ನಿದ್ದೆಗೆ ಒಂದು ಗುಳಿಗೆ ಬರೆದುಕೊಟ್ಟು, ಕಿಟಕಿ ತೆರೆಯಿರಿ, ಓಣಿಯಲ್ಲಿ ಓಡಾಡಲು ಬಿಡಿ, ಆಜಿಯ ಜೊತೆ ದನಿ ತೆಗೆದು ಮಾತಾಡಿ ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಮನೆಗೆ ಬಂದ ಮೇಲೆ ಕಿಟಕಿ ತೆರೆದರು. ಮಗ ಸೊಸೆ ದನಿ ತೆಗೆದರು. ಆದರೆ ಎಂಥ ದನಿ! “ಅತ್ತಿ, ಚಹಾ ತಗೋತೀರೇನ್ರಿ?” “ಅವ್ವಾ, ಹೊದಿಕಿ ಸಾಕೇನ?” ಮಾಮಲೇದಾರರು ಊಟಕ್ಕೆ ಬಂದಂತೆ ನಯ, ವಿನಯ. ಮುದಕವ್ವ ಈಗ ಕರೆದರೆ ಓಗೊಡುತ್ತಿದ್ದಳು, ಬಾಗಿಲ ತನಕ ಬಂದು ಕೂರುತ್ತಿದ್ದಳು, ಆದರೆ ಜೀವ ಮಾತ್ರ ಮೈಗೆ ಹತ್ತಲಿಲ್ಲ. ಚೂರು ರೊಟ್ಟಿ ಮುರಿದು ಸಾಕೆನ್ನುತ್ತಿದ್ದಳು. ಏನಾಗುತ್ತದೆ ಆಯಿ ಎಂದು ಕೇಳಿದರೆ, “ಏನಿಲ್ಲ ಮಗಳ, ಎಲ್ಲಾ ಭಾಳ ಚಲೋ ನೋಡಕೋತಾರ,” ಎನ್ನುತ್ತಿದ್ದಳು. ಬೀಗರ ಮನೆಯಲ್ಲಿ ಉಳಿದ ಮುದುಕಿಯ ಮಾತು ಅದು. ರಾಮಲಿಂಗ ಮತ್ತೆ ಧೋಂಡಿಬಾನಿಗೆ ಹೇಳಿಕಳಿಸುವ ಮಾತೆತ್ತಿದ. ಈ ಸಲ ನನ್ನ ಬಳಿಯೂ ಉಪಾಯವಿರಲಿಲ್ಲ.

ಹೀಗಿರುವಾಗ ಸಂಕ್ರಾಂತಿಯ ಸುಮಾರಿಗೆ ಒಂದು ದಿನ ಸಾವಕ್ಕ ಬುಟ್ಟಿ ತುಂಬ ಕಾಂಡಿ ಸುತ್ತಿಟ್ಟು ನಲ್ಲಿಯ ನೀರಿಗೆ ಹೋದಳು. ನಲ್ಲಿಯ ಬಳಿ ಗದ್ದಲ, ಬರುವುದು ತಡವಾಯಿತು. ಮುದಕವ್ವ ಬಾಗಿಲಲ್ಲಿ ಕೂತು ಬುಟ್ಟಿಯಿಂದ ಒಂದು ಕಾಂಡಿ ಎತ್ತಿ ನೋಡಿದಳು. ಜೀವಮಾನವೆಲ್ಲ ಕುರಿಯ ಉಣ್ಣೆ ನೂತ ಬೆರಳುಗಳು. ಹತ್ತಿಯ ಎಳೆ ಮುಟ್ಟಿದ ಕೂಡಲೇ ಪುಟಕ್ಕೆಂದು ಹರಿಯಿತು. ಅಯ್ಯೋ ಪಾಪ, ಸೊಸೆಗೆ ನೂಲು ಹಿಡಿಯಲು ಬರುವುದಿಲ್ಲ, ಹುರಿ ಹಾಕದೆ ಹಸಿ ಎಳೆಯನ್ನೇ ಸುತ್ತಿಟ್ಟಿದ್ದಾಳೆ ಎಂದುಕೊಂಡಳು. ಗಂಟಿನಲ್ಲಿದ್ದ, ಉಣ್ಣೆ ನೂಲುವ ತನ್ನ ಕದಿರು ತೆಗೆದಳು. ಎರಡೆರಡು ಕಾಂಡಿ ಬಿಚ್ಚಿ, ಎಳೆ ಜೋಡಿಸಿ, ಕಂಬಳಿಗೆ ಹಾಕುವ ಹಾಗೆ ಬಿಗಿಯಾಗಿ ಹುರಿ ಹಾಕುತ್ತಾ ಕೂತಳು. ನಾನು ನಮ್ಮ ಕಟ್ಟೆಯಿಂದ ನೋಡಿದೆ, ಮುದುಕಿ ಏನೋ ಗುನುಗುತ್ತಿದ್ದಳು. ಅಂತೂ ಕೈಗೆ ಕೆಲಸ ಹಚ್ಚಿಕೊಂಡಳಲ್ಲ ಎಂದು ಸಂತೋಷಪಟ್ಟೆ. ಏನು ಕೆಲಸ ಎಂದು ನೋಡಲು ಹೋಗಲಿಲ್ಲ.

ಸಾವಕ್ಕ ಕೊಡ ಹೊತ್ತು ಬಂದಾಗ ಬುಟ್ಟಿ ಅರ್ಧ ಖಾಲಿ. ನೆಲದ ಮೇಲೆ ಬರಿಗಡ್ಡಿಗಳ ರಾಶಿ, ಮುದಕವ್ವನ ಮಡಿಲಲ್ಲಿ ಹಗ್ಗದಂಥ ನೂಲಿನ ದೊಡ್ಡ ಉಂಡೆ. ಪಾಳಿ ಬದಲಾಗುವ ಹೊತ್ತು, ಶೆಡ್ಡಿನಲ್ಲಿ ಕಾಂಡಿಗೆ ಕಾಯುತ್ತಿದ್ದರು.

“ನೋಡಿಲ್ಲಿ, ಹ್ಯಾಂಗ ಗಟ್ಟಿ ಆಗೇತಿ,” ಎಂದು ಮುದಕವ್ವ ಉಂಡೆ ಎತ್ತಿ ತೋರಿಸಿದಳು.

ಸಾವಕ್ಕ ಕೊಡವನ್ನು ದೊಪ್ಪನೆ ಇಳಿಸಿದಳು. ಅವಳ ಬಾಯಿ ಒಮ್ಮೆ ತೆರೆದು ಮುಚ್ಚಿತು. ಆಮೇಲೆ ಬಂತು ನೋಡಿ. ಆ ಅಂಜುಬುರುಕಿಯ ಹೊಟ್ಟೆಯಲ್ಲಿ ಇಷ್ಟು ದನಿ ಎಲ್ಲಿತ್ತೋ, ಮಗ್ಗದ ಸದ್ದು ದಾಟಿ ನಮ್ಮ ಅಡಿಗೆಮನೆಯ ತನಕ ಕೇಳಿಸಿತು.

“ನಿನ್ನ ಕೈ ಸೇದಿ ಹೋಗ್ಲಿ ಮುದಕೀ! ಮುಂಜಾನಿಂದ ಸೊಂಟ ಮುರದು ಸುತ್ತಿದ್ನೆಲ್ಲ! ಲಾಳ್ಯಾಗ ಹಗ್ಗಾ ಹಾಕಿ ನೇಯ್ಲೇನು? ಯಾರ ಹೇಳಿದ್ರ ನಿನಗ ಮುಟ್ಟಂತ? ಹೊರಸ ಮ್ಯಾಲ ಮಕ್ಕೊಂಡು ನನ್ನ ಜೀವಾ ತಿಂದದ್ದ ಸಾಲಲಿಲ್ಲೇನು?”

ಜನಾಬಾಯಿ ಬಾಗಿಲಿಗೆ ಬಂದಳು. ಮುದಕವ್ವ ಕದಿರು ಹಿಡಿದ ಕೈಯನ್ನು ಮೇಲೆತ್ತಿದವಳು ಹಾಗೇ ಕೂತಿದ್ದಳು. ಈಗ ಇವಳ ಎದೆಯೊಡೆಯುತ್ತದೆ ಎಂದುಕೊಂಡು ನಾನು ಕಟ್ಟೆಯಿಂದ ಇಳಿದು ಓಡಿದೆ. ನಾನು ತಲುಪುವ ಮೊದಲೇ ಮುದುಕಿ ಗೋಡೆ ಹಿಡಿದು ಎದ್ದು ನಿಂತಳು.

“ಯಾರಿಗೆ ಮುದಕಿ ಅಂತೀ?” ಆ ಹಳೆಯ ಗಂಟಲು, ಒಂದಿಷ್ಟೂ ಸವೆದಿರಲಿಲ್ಲ. “ಹುರಿ ಹಾಕಾಕ ಬರದಾಕಿ ನೂಲ ಸುತ್ತಾಕ ಕುಂತಾಳ! ನಿಮ್ಮವ್ವ ಏನ ಕಲಸಿ ಕಳಸ್ಯಾಳ ನಿನಗ? ಸಾರಿಗೆ ಉಪ್ಪ ಹಾಕಾಕ ಬರೂದಿಲ್ಲ, ರೊಟ್ಟಿ ಅಂತೂ ಚಪ್ಪಲಿ ಆಗಿರ್ತಾವು! ಹೌದ್ರಿ ಅತ್ತಿ ಅಂದ ಕೂಡಲೆ ರೊಟ್ಟಿ ಮೆತ್ತಗ ಆಗ್ತಾವೇನು?”

“ಹಂಗಾರ ಇಷ್ಟು ದಿನಾ ಯಾಕ ಹೇಳಲಿಲ್ಲ?”

“ನೀ ಯಾಕ ಕೇಳಲಿಲ್ಲ?”

ಸದ್ದು ಕೇಳಿ ರಾಮಲಿಂಗ ಶೆಡ್ಡಿನಿಂದ ಓಡಿಬಂದ. ಹೆಂಡತಿಯ ಮುಖ ನೋಡಿದ, ಚೆಲ್ಲಿದ ಕಾಂಡಿ ನೋಡಿದ, ಅವನ ಮುಖ ಕೆಂಪಾಯಿತು. “ನನ್ನ ಅವ್ವಗ ಹಿಂಗ ಬೈತಿ? ಸಾಕ ಇನ್ನ. ನಾಳಿಗೇ ಅವ್ವನ್ನ ಅಣ್ಣನ ಕಡೆ ಬಿಟ್ಟು ಬರ್ತೇನಿ. ಈ ಮನ್ಯಾಗ ಆಕಿಗೆ ಮರ್ಯಾದಿ ಇಲ್ಲ,” ಎಂದ. ಸಾವಕ್ಕನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ತಾನು ಏನು ಅಂದೆ ಎಂಬುದು ಈಗ ತಿಳಿದವಳಂತೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆತು ನಿಂತಳು.

ಮುದಕವ್ವ ಮಗನ ಎದೆಗೆ ಕೈಯಿಟ್ಟು ಅವನನ್ನು ಹಿಂದಕ್ಕೆ ತಳ್ಳಿದಳು.

“ನಡಿ ನಿನ್ನ ಮಗ್ಗಕ್ಕ. ಅತ್ತಿ ಸೊಸಿ ಮಾತಿನಾಗ ನಿನಗೇನ ಕೆಲಸ? ನಾ ಎಲ್ಲಿಗೂ ಹೋಗೂದಿಲ್ಲ. ಈ ಮನಿಗೆ ಬಂದ ಮ್ಯಾಲ ಇವತ್ತ ಒಬ್ಬಾಕಿ ನನ್ನ ಸಂಗಡ ಮಾತಾಡ್ಯಾಳ.”

ರಾಮಲಿಂಗ ನನ್ನ ಮುಖ ನೋಡಿದ. ಹೋಗಪ್ಪಾ ಎಂದು ಕೈ ಬೀಸಿದೆ. ಸಾವಕ್ಕ ಗೋಡೆಯಿಂದ ಸರಿದು ಬಂದು ಬರಿಗಡ್ಡಿಗಳನ್ನು ಆರಿಸತೊಡಗಿದಳು. ಅಳುತ್ತಲೇ ಮೂಗು ಒರೆಸಿಕೊಂಡು, “ನಂದಿನ್ನೂ ಬೈದ ಮುಗದಿಲ್ಲರಿ ಅತ್ತಿ,” ಎಂದಳು.

“ಬೈ ಅಂತ,” ಎಂದು ಮುದಕವ್ವ ಅವಳ ಎದುರಿಗೆ ಕಾಲು ಚಾಚಿ ಕೂತಳು. “ಆದ್ರ ಮೊದಲ ರೊಟ್ಟಿ ಹಾಕು. ಭಾಳ ಹಸದೈತಿ.”